ಹುಡುಗಿ ಅಡ್ಡಿಲ್ಲ, ಮನೆಯ ಎದುರು ಸರಿಯಿಲ್ಲ

ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಅಂಬಲಪಾಡಿಯವರು. ಅವಲಕ್ಕಿ ತಿಂದರು, ಕಾಫಿ ಕುಡಿದರು, ಅಪ್ಪನ ಹತ್ತಿರ ನಮ್ಮ ಕಾರ್ಕಳದ ಸೆಕೆಯ ಬಗ್ಗೆ ಮಾತಾಡಿದರು, "ತಿಳಿಸ್ತೇವೆ" ಎಂದು ಎದ್ದು ಹೋದರು. ಸಂಬಂಧ ತಂದಿದ್ದ ಚಿಕ್ಕಮ್ಮ ಸ್ವಲ್ಪ ದಿನ ಬಿಟ್ಟು ಬಂದು ಅಮ್ಮನನ್ನು ಅಡಿಗೆಕೋಣೆಗೆ ಎಳೆದುಕೊಂಡು ಹೋದಳು. ನಾನು ಗೋಡೆಗೆ ಕಿವಿ ಕೊಟ್ಟು ನಿಂತೆ.

"ಹುಡುಗಿ ಅಡ್ಡಿಲ್ಲ ಅಂತ ಹೇಳಿದ್ರು ಅಕ್ಕಾ. ಮನೆಯ ಎದುರು ಮಾತ್ರ ಸರಿಯಿಲ್ಲ ಅಂತೆ."

ನಮ್ಮ ಕಡೆ ಅಡ್ಡಿಲ್ಲ ಎನ್ನುವುದು ಹೊಗಳಿಕೆಯೇ. ಸಾರು ಅಡ್ಡಿಲ್ಲ, ನಿನ್ನೆಯ ಯಕ್ಷಗಾನದ ಆಟ ಅಡ್ಡಿಲ್ಲ, ಆಪರೇಷನ್ ಆದ ಮಾವ ಈಗ ಅಡ್ಡಿಲ್ಲ. ಮೂವತ್ತು ಹತ್ತಿರವಾದ, ಬಾಯಿ ಜೋರಿನ ನನಗೆ ಅಷ್ಟು ಸಿಕ್ಕಿದ್ದೇ ಹೆಚ್ಚು. ಹಾಗಾಗಿ ಆ ಮಾತಿಗೆ ನನಗೇನೂ ಬೇಸರವಾಗಲಿಲ್ಲ. ಉರಿದದ್ದು ಮನೆಯ ಬಗ್ಗೆ ಹೇಳಿದ್ದಕ್ಕೆ. ಯಾಕೆಂದರೆ ಊರಿನವರ ಮನೆಯ ಎದುರು ಸರಿ ಮಾಡುವುದೇ ನನ್ನ ಹೊಟ್ಟೆಪಾಡು.

ಎರಡು ಸಾವಿರದ ಇಸವಿ ಬರಲು ಇನ್ನೂ ಒಂದೆರಡು ವರ್ಷ ಇದ್ದ ಕಾಲ ಅದು. ಮಣಿಪಾಲದಲ್ಲಿ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ನಾನು ನಕ್ಷೆ ಬಿಡಿಸುವವಳು. ಡಿಪ್ಲೊಮಾ ಮಾಡಿದ್ದೆ, ಅಷ್ಟೆ. ಆದರೆ ದಿನಾ ಬೆಳಿಗ್ಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ನಕ್ಷೆ ಸುತ್ತಿಟ್ಟುಕೊಂಡು ಬಸ್ಸು ಹತ್ತುತ್ತಿದ್ದುದರಿಂದ ಕಂಡಕ್ಟರು, "ಇಂಜಿನಿಯರಮ್ಮ, ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದ. ನಾನೂ ತಿದ್ದುತ್ತಿರಲಿಲ್ಲ. ತಿದ್ದಿದರೆ ಸೀಟು ಸಿಗುತ್ತಿತ್ತೇ?

ನಮ್ಮ ಆರ್ಕಿಟೆಕ್ಟರಿಗೆ ಗೋಡೆ ಕಂಡರಾಗದು. "ಜಾಗ ಹರಿಯಬೇಕು" ಎನ್ನುವುದು ಅವರ ಮಂತ್ರ. ಹಳೆಯ ಮನೆ ಸರಿಮಾಡಲು ಯಾರೇ ಬಂದರೂ ಎದುರಿನ ಸಣ್ಣ ಸಣ್ಣ ಕೋಣೆಗಳ ಗೋಡೆ ಹಾರಿಸಿ ಒಂದು ದೊಡ್ಡ ಹಾಲ್ ಮಾಡುತ್ತಿದ್ದರು. ಹೊರಗೆ ಒಂದು ಸಿಟೌಟ್, ಅದಕ್ಕೆ ಎರಡು ಉರುಟು ಕಂಬ. ಆ ಮಂತ್ರ ನನ್ನ ತಲೆಗೂ ಏರಿತ್ತು. ಮಣಿಪಾಲದ ಡಾಕ್ಟರುಗಳ ಮನೆಯಲ್ಲಿ, ಕಾಪುವಿನ ದುಬೈಯವರ ಮನೆಯಲ್ಲಿ ಎಷ್ಟು ಗೋಡೆ ಅಳಿಸಿದ್ದೇನೋ ನನಗೇ ಲೆಕ್ಕವಿಲ್ಲ. ಆಗಿನ್ನೂ ಆಫೀಸಿಗೆ ಕಂಪ್ಯೂಟರ್ ಬಂದಿರಲಿಲ್ಲ. ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಗೆರೆ ಅಳಿಸಬೇಕಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಕಾಗದ ಹರಿಯದ ಹಾಗೆ ಗೋಡೆ ಕೆರೆಯುವುದರಲ್ಲಿ ಆಫೀಸಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ ಎಂದು ಜಂಬ ಬೇರೆ.

ಚಿಕ್ಕಮ್ಮ ಹೋದ ಮೇಲೆ ಅಮ್ಮ ಹಟ ಹಿಡಿದಳು. ಮನೆಯ ಎದುರು ಸರಿ ಮಾಡದೆ ಇನ್ನೊಬ್ಬ ಗಂಡನ್ನು ಮೆಟ್ಟಿಲು ಹತ್ತಿಸುವುದಿಲ್ಲ ಎಂದಳು. ಅಪ್ಪ ಶಾಲೆಯಲ್ಲಿ ಕನ್ನಡ ಮಾಸ್ಟ್ರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ನಾವು ಮಾತಾಡುವುದು ತುಳುವಾದರೂ ದೊಡ್ಡ ತೀರ್ಮಾನ ಹೇಳಬೇಕಾದರೆ ಅಪ್ಪನಿಗೆ ಕನ್ನಡವೇ ಬೇಕು. "ನಕ್ಷೆ ಮಗಳೇ ಮಾಡಲಿ" ಎಂದು ಕನ್ನಡದಲ್ಲಿ ಹೇಳಿ ಪೇಪರು ಬಿಡಿಸಿಕೊಂಡರು.

ಹೀಗೆ ನನ್ನನ್ನು ನೋಡಲು ಬರುವವರಿಗಾಗಿ ನಾನೇ ಮನೆಯನ್ನು ಅಲಂಕರಿಸುವ ಯೋಗ ಬಂತು. ನಾಚಿಕೆಗೆಟ್ಟವಳು, ಎಷ್ಟು ಉತ್ಸಾಹದಿಂದ ಮಾಡಿದೆ ಅಂತೀರಿ! ನಮ್ಮದು ಕೆಂಪುಕಲ್ಲಿನ ಗೋಡೆಯ ಹೆಂಚಿನ ಮನೆ. ಎದುರಿಗೊಂದು ಜಗಲಿ, ಜಗಲಿಗೆ ತಾಗಿ ಸಣ್ಣ ಚಾವಡಿ, ಅದರ ಪಕ್ಕದಲ್ಲೊಂದು ಸಣ್ಣ ಕೋಣೆ. ಜಗಲಿಯನ್ನು ಸಿಟೌಟ್ ಮಾಡಿದೆ. ಎರಡು ಉರುಟು ಕಂಬ ನಿಲ್ಲಿಸಿದೆ. ಚಾವಡಿ ಮತ್ತು ಸಣ್ಣ ಕೋಣೆಯ ನಡುವಿನ ಗೋಡೆಯನ್ನು ಬ್ಲೇಡಿನಿಂದ ಕೆರೆದೆ. ಆಹಾ, ಎಂಥ ಹಾಲ್! ಗಂಡಿನ ಕಡೆಯವರು ಎಷ್ಟು ಜನ ಬಂದರೂ ಕೂರಬಹುದು.

"ಹೀಗೆ ಮಾಡಿದರೆ ಜಾಗ ಹರಿಯುತ್ತದೆ ಅಮ್ಮ" ಎಂದೆ.

"ಹರಿಯಲಿಕ್ಕೆ ಅದೆಂತ ತೋಡಾ?" ಎಂದಳು ಅಮ್ಮ. ಆದರೂ ನಕ್ಷೆಯನ್ನು ಎರಡೆರಡು ಸಲ ತಿರುಗಿಸಿ ನೋಡಿ ಖುಷಿಪಟ್ಟಳು.

ಚಿಕ್ಕಮ್ಮ ನಕ್ಷೆ ನೋಡಿ ಒಂದೇ ತಕರಾರು ತೆಗೆದಳು. "ಕಾರು ನಿಲ್ಲಿಸಲಿಕ್ಕೆ ಪೋರ್ಟಿಕೊ ಇಲ್ವಲ್ಲ?"

"ನಮ್ಮಲ್ಲಿ ಕಾರೆಲ್ಲಿ ಉಂಟು ಚಿಕ್ಕಮ್ಮ?"

"ಬರುವವರದ್ದು ಇರ್ತದಲ್ವಾ ಮಾರಾಯ್ತಿ! ಕಾರು ಬಿಸಿಲಿಗೆ ನಿಂತ್ರೆ ಅವರ ತಲೆಯೂ ಬಿಸಿ ಆಗ್ತದೆ."

ಪೋರ್ಟಿಕೊವನ್ನೂ ಸೇರಿಸಿದೆ. ಅಪ್ಪನಿಗಿದ್ದದ್ದು ಒಂದು ಸೈಕಲ್ಲು. ಅದು ಮೊದಲಿಂದಲೂ ಕೊಟ್ಟಿಗೆಯ ಮಾಡಿನ ಅಡಿಯಲ್ಲಿ ಸುಖವಾಗಿತ್ತು.

ಕೆಲಸಕ್ಕೆ ಬಂದ ಮೇಸ್ತ್ರಿ ಗದಗದ ಕಡೆಯವನು. ಹೆಂಡತಿ ಮತ್ತು ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ನಮ್ಮ ತೆಂಗಿನ ಬುಡದಲ್ಲಿ ಶೆಡ್ಡು ಹಾಕಿಕೊಂಡ. ಅಪ್ಪನಿಗೆ ಹಬ್ಬ. ಇಡೀ ದಿನ ಕನ್ನಡ ಮಾತಾಡಲು ಜನ ಸಿಕ್ಕಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ ಹಾಕಿಕೊಂಡು ಕೂತು ಪಾಠಪುಸ್ತಕದ ಕನ್ನಡದಲ್ಲಿ ಆಜ್ಞೆ ಕೊಡುವುದೇ ಕೆಲಸ. "ಆ ಹೆಂಚುಗಳನ್ನು ತೆಗೆಯಿರಿ. ಈ ಕಿಟಕಿಯನ್ನು ತೆಗೆಯಿರಿ." ಒಮ್ಮೆ ಕಿಟಕಿಯ ಬಾಗಿಲು ಮಾತ್ರ ಕಿತ್ತು ಚೌಕಟ್ಟು ಬಿಟ್ಟಿದ್ದಕ್ಕೆ ಚೆನ್ನಾಗಿ ಬೈದರು. "ಅರ್ಧ ತೆಗೆದು ಬಿಡಬಾರದು. ತೆಗೆಯಿರಿ ಎಂದರೆ ಪೂರ್ತಿ ತೆಗೆಯಬೇಕು." ಮೇಸ್ತ್ರಿ ತಲೆಯಾಡಿಸಿದ.

ನಡುಗೋಡೆ ಬಿದ್ದ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ನನ್ನದೇ ವಿನ್ಯಾಸ ರೂಪ ತಾಳುವುದನ್ನು ನೋಡಬೇಡವೇ? ಕೈಯಲ್ಲಿ ನಕ್ಷೆ ಹಿಡಿದು, ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು ದೊಡ್ಡ ಮನುಷ್ಯಳ ಹಾಗೆ ನಿಂತಿದ್ದೆ. ಧೂಳು ಇಳಿಯುವಾಗ ಮೇಸ್ತ್ರಿ ಆ ಕಡೆಯಿಂದ ಕೂಗಿದ:

"ಅಕ್ಕಾರ, ಈ ಮಂಚ ಎಲ್ಲಿಡೂಣ್ರಿ?"

ಅದು ನನ್ನ ಮಂಚ. ಆ ಸಣ್ಣ ಕೋಣೆ ನನ್ನದು. ಶಾಲೆಗೆ ಹೋಗುವಾಗಿನಿಂದ ನಾನು ಮಲಗಿದ್ದು, ಓದಿದ್ದು, ಸಿಟ್ಟು ಬಂದಾಗ ಬಾಗಿಲು ಹಾಕಿಕೊಂಡು ಕೂತದ್ದು ಎಲ್ಲ ಅದರೊಳಗೆ. ಮಂಚ ಎಲ್ಲಿಡಬೇಕೆಂದು ಹೇಳಲು ನಾನು ನಕ್ಷೆ ಬಿಡಿಸಿದೆ. ಹಾಲ್ ಇತ್ತು. ಸಿಟೌಟ್ ಇತ್ತು. ಅಪ್ಪ ಅಮ್ಮನ ಕೋಣೆ ಇತ್ತು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತ ವರ್ಷಕ್ಕೊಮ್ಮೆ ಬರುವ ತಮ್ಮನಿಗೆ ಒಂದು ಕೋಣೆ ಇತ್ತು. ದೇವರಿಗೂ ಇತ್ತು. ಬಾರದ ಕಾರಿಗೂ ಇತ್ತು. ನನಗೆ ಇರಲಿಲ್ಲ. ನಕ್ಷೆಯ ಮೂಲೆಯಲ್ಲಿ, ಬಿಡಿಸಿದವರು ಎಂಬಲ್ಲಿ ಮಾತ್ರ ನಾನಿದ್ದೆ.

ನಗು ಬಂತು. ಮರುಕ್ಷಣ ಮೈಯೆಲ್ಲ ಉರಿದುಹೋಯಿತು. ಯಾರಿಗೆ ಬೈಯುವುದು? ಅಪ್ಪ ನನ್ನ ಕೋಣೆ ತೆಗೆ ಎಂದು ಹೇಳಿರಲಿಲ್ಲ. ಅಮ್ಮ ಹೇಳಿರಲಿಲ್ಲ. ಬೇರೆಯವರ ಮನೆಗೆ ಹೋದಾಗ "ಮಕ್ಕಳ ಕೋಣೆ ಎಲ್ಲಿ ಬೇಕು, ಅಜ್ಜಿಯ ಕೋಣೆ ಎಲ್ಲಿ ಬೇಕು" ಎಂದು ಮೊದಲು ಕೇಳುವವಳೇ ನಾನು. ಇಲ್ಲಿ ಆಫೀಸಿನ ಟೇಬಲ್ಲಿನಲ್ಲಿ ಕೂತು, ಬ್ಲೇಡು ಹಿಡಿದು, ಶಿಸ್ತಾಗಿ ನನ್ನನ್ನೇ ಕೆರೆದು ಹಾಕಿದ್ದೆ. ಕಾಗದ ಮಾತ್ರ ಎಲ್ಲೂ ಹರಿದಿರಲಿಲ್ಲ.

"ಅಮ್ಮ, ನಾನು ಮಲಗುವುದೆಲ್ಲಿ?" ಎಂದು ಅಡಿಗೆಕೋಣೆಗೆ ಹೋಗಿ ಕೇಳಿದೆ.

"ನನ್ನ ಹತ್ತಿರ ಮಲಗು. ಇನ್ನೆಷ್ಟು ದಿವಸಕ್ಕೆ? ಮದುವೆ ಆಗಿ ಹೋಗುವವಳಿಗೆ ಕೋಣೆ ಯಾಕೆ?"

"ಆಗದಿದ್ದರೆ?"

"ಥೂ! ಬಿಡ್ತು ಅನ್ನು."

ಬಿಡ್ತು ಎಂದೆ. ಆದರೆ ಲೆಕ್ಕ ತಲೆಯಲ್ಲಿ ಉಳಿಯಿತು. ಬರುವ ಗಂಡು ಒಪ್ಪಿದರೆ ಅವನ ಮನೆಯಲ್ಲಿ ಕೋಣೆ. ಒಪ್ಪದಿದ್ದರೆ ಗಂಡನೂ ಇಲ್ಲ, ಕೋಣೆಯೂ ಇಲ್ಲ. ತಮ್ಮನ ಕೋಣೆಯಲ್ಲಿರುತ್ತೇನೆ ಎಂದರೆ ಅಮ್ಮ, "ಅದು ಅವನದ್ದು" ಎಂದಳು. ಸದ್ಯಕ್ಕೆ ಅದರಲ್ಲಿ ಸಿಮೆಂಟಿನ ಚೀಲಗಳಿದ್ದವು, ಅವುಗಳ ಮೇಲೆ ಮನೆಯ ಸಾಮಾನೆಲ್ಲ ಪೇರಿಸಿತ್ತು. ತುತ್ತತುದಿಯಲ್ಲಿ ಕಾಲು ಮೇಲೆ ಮಾಡಿ ನನ್ನ ಮಂಚ ಮಲಗಿತ್ತು.

ಅದುವರೆಗೆ ಮದುವೆ ಎಂದರೆ ನನಗೆ ಆದರೂ ಸೈ, ಆಗದಿದ್ದರೂ ಸೈ. ಈಗ ಇಲ್ಲದ ಅವಸರ ಹುಟ್ಟಿತು. ಹೊಸ ಸಂಬಂಧ ಕಾಪುವಿನದು ಎಂದು ಚಿಕ್ಕಮ್ಮ ಹೇಳಿದಾಗ, ಉಡುಪಿಯಲ್ಲಿ ಟೈಲ್ಸ್ ಆರಿಸಲು ಹೋದವಳು ಹಾಗೆಯೇ ಬ್ಯೂಟಿ ಪಾರ್ಲರಿಗೂ ಹೋಗಿ ಬಂದೆ. ಗೋಡೆಗೆ ಪುಟ್ಟಿ, ನನಗೆ ಫೇಶಿಯಲ್. ಎರಡೂ ಒಂದೇ ವಾರ ಮುಗಿದವು. ಗೋಡೆಯೇ ಚೆನ್ನಾಗಿ ಹೊಳೆಯುತ್ತಿತ್ತು.

ಕಾಪುವಿನವರು ಭಾನುವಾರ ಬರುವುದೆಂದಾಯಿತು. ಶನಿವಾರ ನನಗೆ ಆಫೀಸು. ಅಪ್ಪ ಅಮ್ಮ ಸೋಫಾಕ್ಕೆ ಬಟ್ಟೆ, ಕಿಟಕಿಗೆ ಪರದೆ ತರಲು ಪೇಟೆಗೆ ಹೊರಟರು. ಮನೆಯೊಳಗೆ ಪೈಂಟಿನ ವಾಸನೆ ತಲೆನೋವು ಬರುವಷ್ಟಿತ್ತು. ಅಪ್ಪ ಗೇಟಿನ ಹತ್ತಿರ ನಿಂತು ಮೇಸ್ತ್ರಿಗೆ ಸ್ಪಷ್ಟವಾಗಿ ಹೇಳಿದರು: "ನಾಳೆ ಜನ ಬರುತ್ತಾರೆ. ಎದುರಿನ ಬಾಗಿಲು ತೆಗೆದಿಡಿ. ಗಾಳಿ ಬರಲಿ."

ಸಂಜೆ ನಾನು ಬಸ್ಸಿಳಿದು ಬರುವಾಗ ಅಂಗಳದಲ್ಲಿ ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಅಪ್ಪ ಪರದೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದರು. ಹೊಸ ಸಿಟೌಟು, ಹೊಸ ಕಂಬ, ಹೊಳೆಯುವ ಗೋಡೆ. ಆ ಗೋಡೆಯ ನಡುವೆ ಬಾಗಿಲು ಇರಬೇಕಾದಲ್ಲಿ ಒಂದು ದೊಡ್ಡ ತೂತು. ಬಾಗಿಲೂ ಇಲ್ಲ, ದಾರಂದವೂ ಇಲ್ಲ. ದಾರಂದ ಎಂದರೆ ನಮ್ಮಲ್ಲಿ ಬಾಗಿಲಿನ ಚೌಕಟ್ಟು. ಅದನ್ನು ನಿಲ್ಲಿಸುವಾಗ ಪೂಜೆ ಮಾಡಿ ನಿಲ್ಲಿಸುತ್ತಾರೆ. ಅಂಥದ್ದನ್ನು ಗಂಡು ಬರುವ ಮುಂಚಿನ ದಿನ ಕಿತ್ತು ಹಾಕಿದ್ದರು.

"ನೀವಽ ಹೇಳಿದ್ರಲ್ರೀ ಯಜಮಾನ್ರ, ಬಾಗಲಾ ತಗದು ಇಡ್ರಿ ಅಂತ" ಎಂದು ಮೇಸ್ತ್ರಿ ಅಪ್ಪನಿಗೆ ಹೇಳುತ್ತಿದ್ದ. "ತಗದು ಇಟ್ಟೀವಿ. ಅಲ್ಲಿ ನೋಡ್ರಿ, ಮಾವಿನ ಗಿಡದ ಬುಡಕ. ಚೌಕಟ್ಟು ಸೈತ ಬಿಟ್ಟಿಲ್ಲ. ಪೂರಾ ತಗೀಬೇಕು ಅಂತ ನೀವಽ ಬೈದಿದ್ರಿ."

"ತೆಗೆದಿಡಿ ಎಂದರೆ ತೆರೆದಿಡಿ ಎಂದರ್ಥ!" ಎಂದು ಅಪ್ಪ ಕೂಗಿದರು. "ತೆಗೆ ಎಂಬ ಧಾತುವಿಗೆ ಎರಡು ಅರ್ಥ. ಒಂದು, ಕೀಳು. ಇನ್ನೊಂದು..."

"ಅಪ್ಪ, ವ್ಯಾಕರಣ ನಾಡಿದ್ದು ಮಾಡುವ" ಎಂದು ನಾನು ನಡುವೆ ಬಾಯಿ ಹಾಕಿದೆ. ಮೇಸ್ತ್ರಿಯ ಕಡೆಗೆ ತಿರುಗಿ ಕೇಳಿದೆ, "ನಿಮ್ಮ ಊರಲ್ಲೂ ಬಾಗಲಾ ತಗಿ ಅಂದ್ರೆ ತೆರೆ ಅಂತಲೇ ಅಲ್ವಾ?"

"ಹೌದ್ರಿ ಅಕ್ಕಾರ. ನಮ್ಮ ಊರಾಗ ಹಂಗಽ. ಆದ್ರ ಯಜಮಾನ್ರ ಕನ್ನಡ ಭಾಳ ದೊಡ್ಡದೈತಲ್ರಿ, ಅದರಾಗ ಅರ್ಥ ಬ್ಯಾರೆ ಇರತೈತಿ ಅಂದಕೊಂಡ್ವಿ. ಹೆಂಚು ತಗೀರಿ, ಕಿಟಕಿ ತಗೀರಿ, ಗ್ವಾಡಿ ತಗೀರಿ ಅಂದಾಗೆಲ್ಲ ಕಿತ್ತೇವಿ. ಬಾಗಲಕ್ಕಷ್ಟಽ ಬ್ಯಾರೆ ಹೆಂಗ್ರಿ?"

ಮೂವತ್ತು ವರ್ಷ ಕನ್ನಡ ಕಲಿಸಿದವರಿಗೆ ಅದೇ ಕನ್ನಡ ಹೀಗೆ ಕೈಕೊಟ್ಟಿತ್ತು. ಮನೆಯ ತುಳುವಿನಲ್ಲೂ "ಬಾಕಿಲ್ ದೆಪ್ಪು" ಎಂದರೆ ತೆರೆ ಎಂದೇ. ಅವರು ಪಾಪ, ಅದನ್ನೇ ಶುದ್ಧ ಮಾಡಿ ಹೇಳಿದ್ದರು. ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು. ಅಮ್ಮನ ಮುಖ ನೋಡಿ ಸುಮ್ಮನಾದೆ.

ಕತ್ತಲಾಗುವುದರೊಳಗೆ ಮೇಸ್ತ್ರಿಯ ಜನ ದಾರಂದವನ್ನು ಎತ್ತಿ ತಂದು ಮತ್ತೆ ನಿಲ್ಲಿಸಿದರು. ಸುತ್ತ ಮರದ ಬೆಣೆ ಹೊಡೆದು, ಸಂದಿಗೆ ಸಿಮೆಂಟು ತುಂಬಿದರು. "ನಾಳಿ ಯಾರೂ ಮುಟ್ಟಬ್ಯಾಡ್ರಿ" ಎಂದು ಮೇಸ್ತ್ರಿ ಎಚ್ಚರಿಸಿದ. "ಸಿಮೆಂಟ್ ಇನ್ನಾ ಹಿಡದಿಲ್ಲ." ನಾನು ಭಾರ, ಆಧಾರ, ಕೋನ ಎಂದು ನನಗೆ ಗೊತ್ತಿದ್ದ ನಾಲ್ಕು ಶಬ್ದ ಉದುರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಕಾಪುವಿನವರು ಬಂದರು. ಪೋರ್ಟಿಕೊವನ್ನು ನಾನು ಪುಸ್ತಕದಲ್ಲಿ ಕೊಟ್ಟ ಸಣ್ಣ ಕಾರಿನ ಅಳತೆಗೆ ಮಾಡಿದ್ದೆ. ಅವರು ಬಂದದ್ದು ಮೇಲೆ ಲಗೇಜಿನ ಕ್ಯಾರಿಯರ್ ಇದ್ದ ದೊಡ್ಡ ಗಾಡಿಯಲ್ಲಿ. ಡ್ರೈವರು ಒಳಗೆ ತರಲು ನೋಡಿದ, ತಲೆ ತಾಗುತ್ತದೆಂದು ಹಿಂದೆ ತೆಗೆದ, ಕೊನೆಗೆ ಮೂತಿ ಮಾತ್ರ ನೆರಳಿಗೆ ತೂರಿಸಿ ಹಿಂಭಾಗವನ್ನು ಬಿಸಿಲಿಗೆ ಬಿಟ್ಟ. ಚಿಕ್ಕಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಕಾರಿಲ್ಲದವರು ಪೋರ್ಟಿಕೊ ಕಟ್ಟಿದರೆ ಹೀಗೆಯೇ.

ಗಂಡು, ಅವನ ಅಪ್ಪ, ದಪ್ಪನೆಯ ಒಬ್ಬ ದೊಡ್ಡಮ್ಮ. ದೊಡ್ಡಮ್ಮ ಹೊಸ್ತಿಲು ದಾಟುವಾಗ ಆಸರೆಗೆಂದು ದಾರಂದದ ಕಡೆ ಕೈ ಚಾಚಿದರಷ್ಟೇ, ಅಪ್ಪ ಹಾರಿ ಬಂದು ತಮ್ಮ ಕೈ ಕೊಟ್ಟರು. ಅವರು ಗಾಬರಿಯಾದರು, ಆಮೇಲೆ ಸಂತೋಷಪಟ್ಟರು. ಎಲ್ಲರೂ ಒಳಗೆ ಬಂದು ಕೂತ ಮೇಲೂ ಅಪ್ಪ ಅಲ್ಲಿಂದ ಕದಲಲಿಲ್ಲ. ದಾರಂದಕ್ಕೆ ಹೆಗಲು ಕೊಟ್ಟು ನಗುತ್ತ ನಿಂತರು.

"ಮಾಸ್ಟ್ರೇ, ಬನ್ನಿ, ಕೂತ್ಕೊಳ್ಳಿ" ಎಂದರು ಗಂಡಿನ ಅಪ್ಪ.

"ಅಡ್ಡಿಲ್ಲ, ಅಡ್ಡಿಲ್ಲ. ಇಲ್ಲಿ ಗಾಳಿ ಉಂಟು."

"ಹೆಣ್ಣಿನ ಅಪ್ಪ ಅಂತ ಅಷ್ಟು ಸಂಕೋಚ ಬೇಡ ಮಾರಾಯ್ರೇ. ನಮಗೆ ಅದೆಲ್ಲ ಇಲ್ಲ."

ಅಪ್ಪ ಇನ್ನಷ್ಟು ನಕ್ಕು ಇನ್ನಷ್ಟು ಒತ್ತಿ ನಿಂತರು. ನಾನು ಕಾಫಿಯ ತಟ್ಟೆ ಹಿಡಿದು ಬರುವಾಗ ಎಲ್ಲರೂ ನನ್ನನ್ನು ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಬೆಣೆಗಳನ್ನು. ಕಣ್ಣು ಕೆಳಗೆ ಹಾಕಿಕೊಂಡ ಹುಡುಗಿ ಎಂದು ದೊಡ್ಡಮ್ಮನಿಗೆ ಮೆಚ್ಚುಗೆಯಾಯಿತಂತೆ.

ಹಾಲ್ ಎಲ್ಲರಿಗೂ ಹಿಡಿಸಿತು. ಗಂಡಿನ ಅಪ್ಪ ಎದ್ದು ಆ ತುದಿಯಿಂದ ಈ ತುದಿಗೆ ನಡೆದು ನೋಡಿದರು. "ಒಳ್ಳೆ ವಿಶಾಲ ಉಂಟು. ಯಾರ ಪ್ಲಾನು?" ಮಗಳದ್ದೇ ಎಂದು ಅಪ್ಪ ಬಾಗಿಲಿನಿಂದಲೇ ಹೆಮ್ಮೆಯಿಂದ ಹೇಳಿದರು. ನಾನು ಉಬ್ಬಿಹೋದೆ. ಕೆಲಸ ಆಗುವ ಹಾಗೆ ಕಾಣಿಸಿತು. ಆಗ ದೊಡ್ಡಮ್ಮ ಸೀರೆ ಸರಿ ಮಾಡಿಕೊಂಡು ಹೇಳಿದರು:

"ಇನ್ನು ಹುಡುಗ ಹುಡುಗಿ ಬೇರೆ ಕೂತು ನಾಲ್ಕು ಮಾತು ಆಡಲಿ. ಈಗ ಎಲ್ಲ ಕಡೆ ಹಾಗೆಯೇ ಅಲ್ವಾ? ನಿನ್ನ ಕೋಣೆಗೆ ಕರ್ಕೊಂಡು ಹೋಗು ಮಗಾ."

ಅಮ್ಮ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮ ನೆಲ ನೋಡಿದಳು. ಅಪ್ಪ ಅಮ್ಮನ ಕೋಣೆಯಲ್ಲಿ ಒಗೆಯದ ಬಟ್ಟೆಯ ರಾಶಿ, ತಮ್ಮನ ಕೋಣೆಯಲ್ಲಿ ಸಿಮೆಂಟು. ಹೆಣ್ಣು ನೋಡುವ ಶಾಸ್ತ್ರಕ್ಕೆಂದೇ ಇಡೀ ಮನೆಯನ್ನು ಒಡೆದು ಕಟ್ಟಿದ ಮಹಾ ಇಂಜಿನಿಯರಮ್ಮ, ಆ ಶಾಸ್ತ್ರಕ್ಕೆ ಬೇಕಾದ ಒಂದೇ ಒಂದು ಕೋಣೆಯನ್ನು ಇಟ್ಟಿರಲಿಲ್ಲ.

"ನನ್ನ ಕೋಣೆ ಇದೇ" ಎಂದೆ. "ನೀವೆಲ್ಲ ಕೂತದ್ದು ಅದರಲ್ಲಿಯೇ."

ತಮಾಷೆಗೆ ಹೇಳಿದೆನೆಂದು ಎಲ್ಲರೂ ನಕ್ಕರು. "ಹುಡುಗಿಗೆ ಬಾಯಿ ಉಂಟು" ಎಂದರು ದೊಡ್ಡಮ್ಮ. ಅಮ್ಮನೂ ಗಡಿಬಿಡಿಯಲ್ಲಿ ನಕ್ಕಳು. ಅಪ್ಪ ಮಾತ್ರ ನಗಲಿಲ್ಲ. ದಾರಂದ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ನಮ್ಮಿಬ್ಬರನ್ನು ಬಾವಿಕಟ್ಟೆಗೆ ಕಳಿಸಿದರು. ಗಂಡು ಒಳ್ಳೆಯ ಮನುಷ್ಯ. ಕಾಪುವಿನಲ್ಲಿ ಅವರ ಟೆರೇಸ್ ಮನೆ ಕಡಲಿಗೆ ಹತ್ತಿರವಂತೆ. ಉಪ್ಪುಗಾಳಿಗೆ ಸ್ಲ್ಯಾಬಿನ ರಾಡು ತುಕ್ಕು ಹಿಡಿದು ಗಾರೆ ಪಕಳೆ ಪಕಳೆಯಾಗಿ ಹಾಸಿಗೆಯ ಮೇಲೆ ಬೀಳುತ್ತದೆ, ಏನು ಮಾಡಬಹುದು ಎಂದು ಕೇಳಿದ. ಅಷ್ಟು ಸಾಕಿತ್ತು ನನಗೆ. ಸಡಿಲವಾದ ಗಾರೆಯನ್ನು ಹೇಗೆ ಕೆರೆಯಬೇಕು, ತುಕ್ಕನ್ನು ಹೇಗೆ ಉಜ್ಜಬೇಕು, ಅದರ ಮೇಲೆ ಏನು ಬಳಿಯಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಕಿಸೆಯಿಂದ ಬಸ್ಸಿನ ಟಿಕೇಟು ತೆಗೆದು ಅದರ ಬೆನ್ನಿಗೆ ಬರೆದುಕೊಂಡ. ನನ್ನ ಬದುಕಿನಲ್ಲಿ ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದ ಗಂಡಸು ಅದುವರೆಗೆ ಯಾರೂ ಇರಲಿಲ್ಲ. ಮದುವೆಯ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಚಿಕ್ಕಮ್ಮ ಉತ್ತರ ತರುವಾಗ ಅಂಗಳದಲ್ಲಿಯೇ ಮುಖ ಸಣ್ಣದು ಮಾಡಿಕೊಂಡಿದ್ದಳು.

"ಹುಡುಗಿ ಅಡ್ಡಿಲ್ಲ ಅಂತೆ. ಆದ್ರೆ ಮಾತು ಚೂರು ಹೆಚ್ಚಾಯ್ತು ಅಂತೆ."

"ಮನೆ?" ಎಂದಳು ಅಮ್ಮ.

"ಮನೆ ತುಂಬ ಇಷ್ಟ ಆಗಿದೆ ಅಕ್ಕಾ. ಅವರಿಗೂ ಮದುವೆಗೆ ಒಬ್ಬಳು ಮಗಳು ಉಂಟಲ್ಲ, ಪ್ಲಾನಿನ ಒಂದು ಕಾಪಿ ಸಿಗಬಹುದಾ ಅಂತ ಕೇಳಿದ್ರು."

ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಾಲಿನ ಆ ತುದಿಗೆ ಹೋಗಿ ಕೂತಳು. ಅವಳು ಅಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಕೇಳಿಸದೆ ಎಲ್ಲಿ ಹೋಗುತ್ತದೆ, ನಡುವೆ ಗೋಡೆಯೇ ಇರಲಿಲ್ಲ. ಆಗ ನನ್ನ ನಗುವೂ ನಿಂತಿತು. ನನಗೆ ದುಃಖವಾದದ್ದು ಗಂಡು ತಪ್ಪಿದ್ದಕ್ಕಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಗಳಿಗೆ ಕೂರಬೇಕೆನಿಸಿತು, ಹಾಗೆ ಕೂರಲು ನನಗೆ ಒಳಗೆ ಎಂಬುದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ತನ್ನ ಶೆಡ್ಡು ಬಿಚ್ಚಿ ಹೊರಡುವ ತಯಾರಿಯಲ್ಲಿದ್ದ. ಅಪ್ಪ ಅವನನ್ನು ಕರೆದರು.

"ಇನ್ನೊಂದು ಕೋಣೆ ಕಟ್ಟಲಿಕ್ಕೆ ಉಂಟು" ಎಂದರು. ಆಮೇಲೆ ಯೋಚನೆ ಮಾಡಿ, ಪ್ರತಿ ಅಕ್ಷರ ಬಿಡಿಸಿ, "ಕಟ್ಟುವುದು. ತೆಗೆಯುವುದಲ್ಲ" ಎಂದು ಸೇರಿಸಿದರು.

ಅಮ್ಮ ಹೊರಗೆ ಓಡಿ ಬಂದಳು. "ಯಾರಿಗೆ ಕೋಣೆ?"

"ಮಗಳಿಗೆ."

"ನಿಮಗೆ ತಲೆ ಸಮ ಉಂಟಾ? ಮದುವೆಗೆ ಬಂದ ಹುಡುಗಿಗೆ ಅಪ್ಪ ಹೊಸ ಕೋಣೆ ಕಟ್ಟಿಸಿದ ಅಂತ ಗೊತ್ತಾದ್ರೆ ಜನ ಎಂತ ಹೇಳ್ತಾರೆ? ಅವಳು ಇನ್ನು ಇಲ್ಲಿಯೇ ಅಂತ ನಾವೇ ಬೋರ್ಡು ಹಾಕಿದ ಹಾಗೆ ಆಗ್ತದೆ. ಮತ್ತೆ ಯಾರು ಬರ್ತಾರೆ ಈ ಮನೆಗೆ?"

"ಬರುವವರು ಬರ್ಲಿ" ಎಂದರು ಅಪ್ಪ. "ಮೊನ್ನೆ ಅವಳು ಹಾಗೆ ಹೇಳಿದಾಗ ನೀವೆಲ್ಲ ನಕ್ಕಿರಿ. ನನಗೆ ನಗು ಬರ್ಲಿಲ್ಲ. ಅವಳ ಕೋಣೆಯಲ್ಲಿ ಕೂತು ಅವರು ಅವಳ ಕೋಣೆ ಎಲ್ಲಿ ಅಂತ ಕೇಳಿದ್ರು. ನನ್ನ ಮನೆಯಲ್ಲಿ ನನ್ನ ಮಗಳು ಅದಕ್ಕೆ ಉತ್ತರ ಹೇಳಬೇಕಾಯ್ತು." ಕನ್ನಡ ಬಿಟ್ಟು ಇಷ್ಟನ್ನೂ ತುಳುವಿನಲ್ಲಿಯೇ ಹೇಳಿದ್ದರು.

ಅಮ್ಮ ಕಂಬಕ್ಕೆ ಒರಗಿ ನಿಂತಳು. ಅಪ್ಪ ನನ್ನ ಕಡೆ ತಿರುಗಿ, "ಎಲ್ಲಿ ಬೇಕು ನಿನಗೆ? ಎಷ್ಟು ದೊಡ್ಡದು?" ಎಂದು ಕೇಳಿದರು.

ನಾಲ್ಕು ಊರಿನ ಜನರಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಅದು. ನನ್ನನ್ನು ಯಾರೂ ಕೇಳಿರಲಿಲ್ಲ. ಹಾಲಿನ ಪಕ್ಕದ ಖಾಲಿ ಜಾಗ ತೋರಿಸಿ, "ಅಲ್ಲಿ ಸಾಕು. ಸಣ್ಣದು" ಎಂದೆ.

"ಸಣ್ಣದು ಯಾಕೆ?"

ಮೇಸ್ತ್ರಿ ಹಗ್ಗ ಮತ್ತು ಗೂಟ ತಂದ. ನಾನು ಹೇಳಿದಲ್ಲಿ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದ. ಮಂಚ ಹಿಡಿಯುವಷ್ಟು ಜಾಗವಾಯಿತು. ಅಪ್ಪ ಹಗ್ಗದೊಳಗೆ ಹೋಗಿ ನಿಂತು ಆಚೀಚೆ ನೋಡಿ, "ನಕ್ಷೆಯ ಮೇಜು ಎಲ್ಲಿ ಇಡ್ತೀ?" ಎಂದರು. ಒಂದು ಬದಿಯ ಗೂಟಗಳು ಆಚೆ ಹೋದವು.

ಅಮ್ಮ ಒಳಗೆ ಹೋದವಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂದಳು. ಕಣ್ಣು ಕೆಂಪಗಿತ್ತು. ಜಗಳ ಮುಂದುವರಿಸಲು ಬಂದಳೆಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ತಯಾರಾದೆ. ಅವಳು ಹಗ್ಗದ ಹೊರಗೆ ನಿಂತು ಒಳಗಿನ ನೆಲವನ್ನು ನೋಡಿದಳು. ಅಪ್ಪನಿಗೆ ಕೇಳಿಸದ ಹಾಗೆ ಸಣ್ಣ ಸ್ವರದಲ್ಲಿ ಕೇಳಿದಳು:

"ಮಧ್ಯಾಹ್ನ ನೀನು ಆಫೀಸಿನಲ್ಲಿ ಇರುವಾಗ ನಾನು ಇಲ್ಲಿ ಬಂದು ಚೂರು ಮಲಗಬಹುದಾ?"

ಅಮ್ಮನಿಗೂ ತನ್ನದೇ ಆದ ಕೋಣೆ ಇಲ್ಲ ಎಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅಪ್ಪ ಅಮ್ಮನ ಕೋಣೆ ಎಂದು ಬರೆದು ಮುಗಿಸಿದ್ದೆ. ಬಗ್ಗಿ ಇನ್ನೊಂದು ಬದಿಯ ಗೂಟ ಕಿತ್ತು, ಹಗ್ಗ ಎಳೆದುಕೊಂಡು ಹೋಗಿ, ಇನ್ನೂ ಚೂರು ಆಚೆ ಹೊಡೆದೆ.